ಸಹಾಯ ಬೇಕು: ರುದರ್‌ಫೋರ್ಡ್ ಗುಡ್ಡ ಲೇತ್‌ನ್ಯಾಗ ಮಾಡಿಕೊಡೋರು (ಹುಬ್ಬಳ್ಳಿ-ಧಾರವಾಡ)

ನಮಸ್ಕಾರ್ರಿ. ಪಿಯು ಮಕ್ಕಳಿಗೆ ಆಲ್ಫಾ ಕಣ ಚದುರೋದನ್ನ ತೋರಸಾಕ ಒಂದು ಗುಡ್ಡದ ಮಾದರಿ ಬೇಕಾಗೇತಿ. ಗುಡ್ಡ ಅಂದ್ರ ಪರಮಾಣುವಿನ ನಡುವಿನ ನ್ಯೂಕ್ಲಿಯಸ್, ಅದರ ಕಡೆ ಉರುಳಿಸೋ ಗುಂಡು ಅಂದ್ರ ಆಲ್ಫಾ ಕಣ (ಧನ ವಿದ್ಯುತ್ ಇರೋ ಸಣ್ಣ ಕಣ). ಗೋಕುಲ ರೋಡ್ ಕಡೆ ಒಂದೇ ಪೀಸ್ ಆದ್ರೂ ಮಾಡಿಕೊಡೋ ಸಿಎನ್‌ಸಿ ಲೇತ್‌ನವರು ಗೊತ್ತಿದ್ರ ತಿಳಸ್ರಿ.

ಅಲ್ಯೂಮಿನಿಯಂ ಇಲ್ಲಾ ನೈಲಾನ್, ವ್ಯಾಸ 200 ಮಿ.ಮೀ. ನಡುವಿನಿಂದ 20, 25, 40, 50, 100 ಮಿ.ಮೀ. ದೂರದಾಗ ಎತ್ತರ 40, 30, 15, 10, 0 ಇರಬೇಕು. ಅಂದ್ರ 1000ನ್ನ ದೂರದಿಂದ ಭಾಗಿಸಿ 10 ಕಳೀರಿ. 20ರ ಒಳಗ ಸಪಾಟ ಇದ್ರೂ ನಡೀತೈತಿ.

ನೇರ ಇಳಿಜಾರಿನ ಶಂಕು ಆಗೂದಿಲ್ರಿ, ಅದನ್ನ ಮೊದಲೇ ಹೇಳಬೇಕು. ದೂರ ಅರ್ಧ ಆದ್ರ ಇಳಿಜಾರು ನಾಕು ಪಟ್ಟು ಕಡಿದಾಗಬೇಕು; ನ್ಯೂಕ್ಲಿಯಸ್ ಆಲ್ಫಾ ಕಣವನ್ನ ದೂಡೋ ಬಲ ಹಂಗ ಬೆಳೀತೈತಿ. ಆಲ್ಫಾ ಕಣ ಹ್ಯಾಂಗ ಚದುರತಾವ ಅಂತ 1911ರಾಗ ವಿಜ್ಞಾನಿ ರುದರ್‌ಫೋರ್ಡ್ ಹಾಕಿದ ಲೆಕ್ಕದ ಜೀವಾನ ಅದು. ಶಂಕು ಆದ್ರ ಗುಂಡು ತಿರುಗೋ ಕೋನ ಎಲ್ಲಾ ತಪ್ಪತಾವ.

ಟೂಲಿನ ಗೆರಿ ಉಳಿದ್ರ 8 ಮಿ.ಮೀ. ಬೇರಿಂಗ್ ಗುಂಡು ಜಿಗೀತೈತಿ, 400 ನಂಬರಿನ ಪಾಲಿಶ್ ಪೇಪರ್ ಹೊಡೀಬೇಕು. ಗುಂಡು 40 ಮಿ.ಮೀ.ಗಿಂತ ಮ್ಯಾಲಿಂದ ಬಿಟ್ರ ಗುಡ್ಡಾನ ಹತ್ತಿ ಆಚೆ ಇಳೀತೈತಿ. ಕಟ್ಟಿಗಿ ಬ್ಯಾಡ್ರಿ, ಮಳಿಗಾಲದಾಗ ಉಬ್ಬತೈತಿ.

ಕೂಲಿ ಎಷ್ಟು, ಮಾಲು ನಾವ ತರಬೇಕೋ ಹ್ಯಾಂಗ ಅನ್ನೋದನ್ನೂ ಬರೀರಿ.