9ಕ್ಕೆ 6 ಬಂದರೂ ಕೊಲೊನೋಸ್ಕೋಪಿ ಮತ್ತೆ ಮಾಡಿಸಬೇಕಂತೆ, ಯಾಕೆ?

ಹನುಮಂತನಗರದ_ಹುಡುಗ:
ಅಪ್ಪನಿಗೆ 59. ತೊಂದರೆ ಏನೂ ಇಲ್ಲ, ಆದರೆ ದೊಡ್ಡಪ್ಪನಿಗೆ ಕರುಳಿನ ಕ್ಯಾನ್ಸರ್ ಆಗಿತ್ತು, ಅದಕ್ಕೇ ಕಾಡಿ ಬೇಡಿ ಕೊಲೊನೋಸ್ಕೋಪಿ (ಹಿಂದಿನಿಂದ ಕ್ಯಾಮೆರಾ ಪೈಪ್ ಬಿಟ್ಟು ದೊಡ್ಡ ಕರುಳು ನೋಡುವ ಪರೀಕ್ಷೆ) ಸ್ಕ್ರೀನಿಂಗ್‌ಗೆ ಕರೆದುಕೊಂಡು ಹೋದೆ. ಪಾಲಿಪ್ (ಕರುಳಿನ ಒಳಗೋಡೆಯ ಗಂಟು, ಮುಂದೆ ಕ್ಯಾನ್ಸರ್ ಆಗಬಹುದಾದದ್ದು) ಕಾಣಲಿಲ್ಲ ಅಂತ ರಿಪೋರ್ಟ್‌ನಲ್ಲಿದೆ. ಅದರ ಕೆಳಗೇ 'ಬೋಸ್ಟನ್ ಸ್ಕೋರ್ 1+2+3=6, ಕರುಳು ಸರಿಯಾಗಿ ಕ್ಲೀನ್ ಆಗಿಲ್ಲ, ಮತ್ತೆ ಮಾಡಿಸಿ' ಅಂತಲೂ ಇದೆ! 9ಕ್ಕೆ 6 ಅಂದರೆ ಫಸ್ಟ್ ಕ್ಲಾಸ್ ಅಲ್ವಾ? ಸುಮ್ನೆ ಇನ್ನೊಂದು ಬಿಲ್ ಮಾಡೋಕೆ ನೋಡ್ತಿದ್ದಾರಾ?

ಮಲ್ಲೇಶ್ವರದ_ಸಿಸ್ಟರ್:
ಎಂಡೋಸ್ಕೋಪಿ ರೂಮಿನಲ್ಲಿ ಎಂಟು ವರ್ಷ ನಿಂತಿದ್ದೇನೆ, ಅದಕ್ಕೆ ಹೇಳುತ್ತೇನೆ: ಬಿಲ್ ಕಥೆ ಅಲ್ಲ. ಬೋಸ್ಟನ್ ಸ್ಕೋರ್ ಅಂದರೆ ಕರುಳು ಎಷ್ಟು ಕ್ಲೀನ್ ಇದೆ ಅನ್ನುವ ಅಂಕ. ದೊಡ್ಡ ಕರುಳನ್ನು ಬಲ, ಮಧ್ಯ, ಎಡ ಅಂತ ಮೂರು ಭಾಗ ಮಾಡಿ ಒಂದೊಂದಕ್ಕೂ 0ಯಿಂದ 3ರವರೆಗೆ ಅಂಕ ಕೊಡುತ್ತಾರೆ. ಎಸ್ಸೆಸ್ಸೆಲ್ಸಿ ಥರ, ಟೋಟಲ್ ಎಷ್ಟಿದ್ದರೂ ಪ್ರತಿ ಸಬ್ಜೆಕ್ಟ್‌ನಲ್ಲೂ ಪಾಸಾಗಬೇಕು, ಇಲ್ಲಿ ಪಾಸ್ ಮಾರ್ಕ್ಸ್ 2. ನಿಮ್ಮ ಅಪ್ಪ ಬಲಭಾಗದಲ್ಲಿ ಡುಮ್ಕಿ. ಅದೂ ಕ್ಯಾಮೆರಾದಿಂದಲೇ ನೀರು ಬಿಟ್ಟು ತೊಳೆದು, ಆ ಗಲೀಜು ನೀರನ್ನು ಎಳೆದು ತೆಗೆದ ಮೇಲೆ ಕೊಟ್ಟ ಅಂಕ.

ಬಲಭಾಗವೇ ಯಾಕೆ ಮುಖ್ಯ ಅಂದರೆ, ಅಲ್ಲಿ ಬರುವ ಒಂದು ಜಾತಿಯ ಪಾಲಿಪ್ ಚಪ್ಪಟೆಯಾಗಿರುತ್ತದೆ, ಮೇಲೆ ಲೋಳೆಯ ಪದರ ಬೇರೆ. ಚೆನ್ನಾಗಿ ಕ್ಲೀನ್ ಆದ ಕರುಳಲ್ಲೇ ಕಣ್ಣು ತಪ್ಪಿಸುತ್ತದೆ, ಇನ್ನು ಮೇಲೆ ಹಳದಿ ಗಸಿ ಮೆತ್ತಿಕೊಂಡಿದ್ದರೆ ಕೇಳಲೇಬೇಡಿ. 'ಕಾಣಲಿಲ್ಲ' ಅಂದರೆ 'ಇಲ್ಲ' ಅಂತ ಅಲ್ಲ. 5 ಮಿಲಿಮೀಟರಿಗಿಂತ ದೊಡ್ಡದು ಕಾಣುವಷ್ಟಾದರೂ ಕ್ಲೀನ್ ಇರಬೇಕು.

ಒಂದು ಪ್ರಶ್ನೆ. ಕರುಳು ಕ್ಲೀನ್ ಮಾಡುವ ಔಷಧಿ ನೀರು ಎರಡು ಸಲ ಕುಡಿದರಾ, ಒಂದೇ ಸಲವಾ? ಹಿಂದಿನ ದಿನ ಏನು ತಿಂದರು?

ಹನುಮಂತನಗರದ_ಹುಡುಗ:
ಅಯ್ಯೋ ಸಿಸ್ಟರ್, ಬೆಳಗಿನ ಜಾವ ಏಳುವ ರಗಳೆ ಬೇಡ ಅಂತ ಅಷ್ಟೂ ರಾತ್ರಿಯೇ ಕುಡಿದರು. ಅಪಾಯಿಂಟ್‌ಮೆಂಟ್ ಇದ್ದದ್ದು ಮಾರನೇ ದಿನ 11ಕ್ಕೆ. ಅಮ್ಮ ಈಗ ಬಾಯಿ ಬಿಡ್ತಿದ್ದಾರೆ, ಹಿಂದಿನ ಮಧ್ಯಾಹ್ನ ರಾಗಿಮುದ್ದೆ, ಅವರೆಕಾಳು ಸಾರು ಆಗಿದೆಯಂತೆ. ಸೀಸನ್ ನೋಡಿ.

ಮಲ್ಲೇಶ್ವರದ_ಸಿಸ್ಟರ್:
ಸರಿಹೋಯ್ತು. ಕಾಳಿನ ಸಿಪ್ಪೆ ಕ್ಯಾಮೆರಾದ ಪೈಪಿಗೆ ಸಿಕ್ಕಿಕೊಂಡರೆ ನಮಗೆ ಆಗುವ ಪಾಡು ಬೇಡ. ಅದಕ್ಕಿಂತ ದೊಡ್ಡ ತಪ್ಪು ಔಷಧಿ ನೀರೆಲ್ಲಾ ರಾತ್ರಿಯೇ ಕುಡಿದದ್ದು. ಹೊಟ್ಟೆ ಖಾಲಿ ಇದ್ದರೂ ಪಿತ್ತರಸ ಇಳಿಯುತ್ತಲೇ ಇರುತ್ತದೆ, ಬೆಳಗಾಗುವಷ್ಟರಲ್ಲಿ ಸಣ್ಣ ಕರುಳಿಂದ ಬಂದು ಮೊದಲು ಮೆತ್ತಿಕೊಳ್ಳುವುದು ಬಲಭಾಗಕ್ಕೇ. ಅದನ್ನು ತೊಳೆಯೋಕೇ ಎರಡನೇ ಡೋಸ್ ಇರುವುದು. ಪರೀಕ್ಷೆಗೆ 4ರಿಂದ 6 ಗಂಟೆ ಮುಂಚೆ ಶುರು ಮಾಡಿ, ಕಡೇಪಕ್ಷ 2 ಗಂಟೆ ಮುಂಚೆ ಮುಗಿಸಬೇಕು.

ಎರಡು_ಸಲ_ಅನುಭವಿಸಿದವ:
ನಾನೂ ಇದೇ ಡುಮ್ಕಿ ಗಿರಾಕಿ. ಎರಡನೇ ಸಲ ಹಿಂದಿನ ದಿನ ಬರೀ ಗಂಜಿ ತಿಳಿ, ಸೋಸಿದ ರಸಂ ತಿಳಿ, ಎಳನೀರು. ಅದಕ್ಕೂ ಎರಡು ದಿನ ಮುಂಚಿನಿಂದ ಸೊಪ್ಪು, ಕಾಳು, ಸೀಬೆ, ಟೊಮೆಟೊ ಬಂದ್, ಬಿಳಿ ಅನ್ನ ಮಾತ್ರ. ಔಷಧಿ ನೀರನ್ನು ಫ್ರಿಜ್‌ನಲ್ಲಿಟ್ಟು ಕುಡಿದರೆ ವಾಕರಿಕೆ ಕಡಿಮೆ. ಅಪ್ಪನಿಗೆ ಶುಗರ್ ಮಾತ್ರೆ, ಐರನ್ ಮಾತ್ರೆ, ರಕ್ತ ತೆಳು ಮಾಡುವ ಮಾತ್ರೆ ಏನಾದರೂ ಇದ್ದರೆ ಮೊದಲೇ ಡಾಕ್ಟರಿಗೆ ಹೇಳಿ, ನೀವಾಗೇ ನಿಲ್ಲಿಸಬೇಡಿ.

ಹನುಮಂತನಗರದ_ಹುಡುಗ:
ಥ್ಯಾಂಕ್ಸ್. ಸರಿ, ಒಂದೆರಡು ವರ್ಷ ಬಿಟ್ಟು ಮಾಡಿಸಿದರೆ ಆಗುತ್ತಾ? ಅಪ್ಪ ಈಗ ನನ್ನ ಹತ್ತಿರ ಮಾತೇ ಆಡ್ತಿಲ್ಲ.

ಮಲ್ಲೇಶ್ವರದ_ಸಿಸ್ಟರ್:
ಬೇಡ. ಸರಿಯಾಗಿ ಕ್ಲೀನ್ ಆಗದಿದ್ದರೆ ಒಂದು ವರ್ಷದ ಒಳಗೆ ಅನ್ನುವುದು ನಿಯಮ. 10 ವರ್ಷ ಬಿಟ್ಟು ಮಾಡಿಸಿದರೆ ಸಾಕು ಅನ್ನುವುದೆಲ್ಲ, ಮನೆಯಲ್ಲಿ ಯಾರಿಗೂ ಕರುಳಿನ ಕ್ಯಾನ್ಸರ್ ಇಲ್ಲದೆ, ಪೂರ್ತಿ ಕ್ಲೀನ್ ಇದ್ದು, ಏನೂ ಸಿಗದವರಿಗೆ. ನಿಮ್ಮಪ್ಪನಿಗೆ ಸ್ವಂತ ಅಣ್ಣನ ಕಥೆ ಇದೆಯಲ್ಲ.

ಹನುಮಂತನಗರದ_ಹುಡುಗ:
ಕೊನೇ ಪ್ರಶ್ನೆ, ನಗಬೇಡಿ. ಬೆಳಗಿನ ಜಾವ ಕುಡಿದು ಆ ಟ್ರಾಫಿಕ್‌ನಲ್ಲಿ ಮಾರತ್ತಹಳ್ಳಿ ತನಕ ಹೋಗೋದು ಹೇಗೆ?

ಎರಡು_ಸಲ_ಅನುಭವಿಸಿದವ:
ಗುರೂ, ಹತ್ತಿರದ ಆಸ್ಪತ್ರೆಗೆ ಬದಲಾಯಿಸು. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಾನು ಪಟ್ಟ ಪಾಡು ಇಲ್ಲಿ ಬರೆಯೋಕಾಗಲ್ಲ.