ಮಳೆಗಾಲದ ಸುದ್ದಿಯ ವಾಟ್ಸಾಪ್ ಗ್ರೂಪಿಗೆ ನಿಯಮ ಬರೆಯುವುದು ಹೇಗೆ?

ಪ್ರಶ್ನೆ (ಕುಮಟಾದಿಂದ)

ಎಲ್ಲರಿಗೂ ನಮಸ್ಕಾರ. ಘಟ್ಟದ ರಸ್ತೆ, ಹೊಳೆಯ ನೀರು, ಬಸ್ ಸಂಚಾರ ಇವುಗಳ ಸುದ್ದಿಗೆಂದು ನಾವು ಕೆಲವರು ಕಟ್ಟಿದ ಗ್ರೂಪಿನಲ್ಲಿ ಈಗ ಸುಮಾರು 600 ಜನರಿದ್ದಾರೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದ ಮೇಲೆ ಸೇರಿದವರೇ ಹೆಚ್ಚು. ಕಳೆದ ಮಳೆಗಾಲದಲ್ಲಿ ಯಾರೋ ಹಾಕಿದ ಹಳೆಯ ವಿಡಿಯೋ ನೋಡಿ ಕುಮಟಾ-ಶಿರಸಿ ರಸ್ತೆಯ ದೇವಿಮನೆ ಘಟ್ಟ ಬಂದ್ ಆಗಿದೆಯೆಂದು ನಂಬಿದ ಕುಟುಂಬವೊಂದು, ರೋಗಿಯನ್ನು ಕೂರಿಸಿಕೊಂಡು ಹೊನ್ನಾವರ, ಮಾವಿನಗುಂಡಿ, ಸಿದ್ದಾಪುರ ಸುತ್ತಿ ಶಿರಸಿ ತಲುಪಿತು. ಘಟ್ಟದ ರಸ್ತೆ ಅಂದು ತೆರೆದೇ ಇತ್ತು. ಅಡ್ಮಿನ್ ಆಗಿದ್ದೂ ಅದನ್ನು ಕೂಡಲೇ ಅಳಿಸಲಿಲ್ಲವೆಂಬ ನೋವು ನನಗೆ ಇಂದಿಗೂ ಇದೆ. ‘ಸಂಬಂಧವಿಲ್ಲದ್ದನ್ನು ಹಾಕಬೇಡಿ’ ಎಂದು ಎಷ್ಟು ಸಲ ಬರೆದರೂ ಪ್ರಯೋಜನವಾಗಿಲ್ಲ. ಹಿರಿಯರನ್ನು ತೆಗೆದುಹಾಕಲು ಮನಸ್ಸು ಬರುವುದಿಲ್ಲ. ದಾರಿ ತಿಳಿಸಬೇಕಾಗಿ ವಿನಂತಿ.

ಉತ್ತರ (ಶಿರಸಿಯಿಂದ)

ತಮ್ಮ ನಿಯಮದ ತೊಡಕು ‘ಸಂಬಂಧವಿಲ್ಲದ್ದು’ ಎಂಬ ಪದದಲ್ಲೇ ಇದೆ, ಏಕೆಂದರೆ ಕಳಿಸುವವರಿಗೆ ತಮ್ಮ ಸಂದೇಶ ಸಂಬಂಧಪಟ್ಟದ್ದೆಂದೇ ತೋರುತ್ತದೆ. ಏನು ಇರಬಾರದು ಎನ್ನುವುದಕ್ಕಿಂತ ಏನು ಇರಲೇಬೇಕು ಎಂಬುದನ್ನು ಬರೆಯಿರಿ: ಸ್ಥಳ, ದಿನಾಂಕ, ಗಂಟೆ, ಕಣ್ಣಾರೆ ಕಂಡವರು ಯಾರು. ‘ದೇವಿಮನೆ ಘಟ್ಟ, ಇಂದು ಬೆಳಿಗ್ಗೆ 7.20, ಮರ ಬಿದ್ದಿದೆ, ಬೈಕ್ ಮಾತ್ರ ದಾಟುತ್ತಿದೆ, ನಾನೇ ನೋಡಿದೆ’ ಎಂಬಂತಹ ಮಾದರಿಯೊಂದನ್ನು ಗ್ರೂಪಿನ ವಿವರಣೆಯಲ್ಲಿ ಹಾಕಿಡಿ. ಇವಿಲ್ಲದ ಸಂದೇಶ ಯಾರದ್ದೇ ಆಗಿರಲಿ, ಅಡ್ಮಿನ್‌ಗಳದ್ದೂ ಸೇರಿ, ಅಳಿಸಲ್ಪಡಬೇಕು. ಅಳಿಸುವುದು ಸಂದೇಶವನ್ನು, ಮನುಷ್ಯನನ್ನಲ್ಲ. ಬಹಳ ಸಲ ಫಾರ್ವರ್ಡ್ ಆದದ್ದಕ್ಕೆ ಜೋಡಿ ಬಾಣದ ಗುರುತು ಬರುವುದರಿಂದ ಅಂಥದ್ದನ್ನು ಮೊದಲು ಪರೀಕ್ಷಿಸಬಹುದು. ಹಿರಿಯರಿಗೆ ಮಾತ್ರ ಎಲ್ಲರೆದುರು ಬರೆಯದೆ ಫೋನ್ ಮಾಡಿ ಹೇಳಿ.

ಉತ್ತರ (ಅಂಕೋಲಾದಿಂದ)

ಸುಳ್ಳು ಸುದ್ದಿಯ ಹೊಣೆ ಅಡ್ಮಿನ್ ಮೇಲೆ ಬೀಳುವುದೆಂಬ ಭಯದಿಂದ ಕೆಲವರು ಅಡ್ಮಿನ್‌ಗಳಷ್ಟೇ ಬರೆಯುವಂತೆ ಗ್ರೂಪಿಗೆ ಬೀಗ ಹಾಕುತ್ತಾರೆ. ಸದಸ್ಯರು ಹಾಕಿದ ಆಕ್ಷೇಪಾರ್ಹ ಸಂದೇಶಕ್ಕೆ ಅಡ್ಮಿನ್ ಆಗಿರುವ ಕಾರಣಕ್ಕೇ ಒಬ್ಬರನ್ನು ಹೊಣೆ ಮಾಡಲಾಗದೆಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ದಯವಿಟ್ಟು ಬೀಗ ಹಾಕಬೇಡಿ. ನಡುರಾತ್ರಿ ರಸ್ತೆಗೆ ಮಣ್ಣು ಜಾರಿದ್ದನ್ನು ಕಂಡ ಲಾರಿ ಚಾಲಕನಿಗೆ ಆ ಕ್ಷಣದಲ್ಲೇ ತಿಳಿಸಲು ಸಾಧ್ಯವಾಗಬೇಕು.

ಉತ್ತರ (ಕಾರವಾರದಿಂದ)

ಒಂದು ವಿಷಯ ಬಿಟ್ಟುಹೋಗಿದೆ. ನಮ್ಮ ಕಡೆ ಮೀನುಗಾರಿಕೆಗೆ ಹೋಗುವ ಅನೇಕರು ಟೈಪ್ ಮಾಡುವುದಿಲ್ಲ, ಕೊಂಕಣಿಯಲ್ಲಿ ಮಾತನಾಡಿ ಕಳಿಸುತ್ತಾರೆ. ಬರಹವೇ ಬೇಕೆಂದು ನಿಯಮ ಮಾಡಿದರೆ ಕಡಲನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರೇ ಮೌನವಾಗುತ್ತಾರೆ. ಧ್ವನಿ ಸಂದೇಶಕ್ಕೂ ಅದೇ ನಿಯಮ ಸಾಕು. ಆದರೆ ಕಾಳಿ ನದಿಯ ಕದ್ರಾ ಅಣೆಕಟ್ಟಿನ ಗೇಟ್ ತೆರೆಯುವ ಸುದ್ದಿಯನ್ನು ಅಧಿಕೃತ ಪ್ರಕಟಣೆ ಇದ್ದರೆ ಮಾತ್ರ ಉಳಿಸಿಕೊಳ್ಳಿ, ಏಕೆಂದರೆ ಆ ಒಂದು ಮಾತಿಗೆ ಕಾಳಿ ದಂಡೆಯ ಜನ ಮನೆ ಬಿಟ್ಟು ಹೊರಡುತ್ತಾರೆ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಮಾದರಿ ಸಂದೇಶವನ್ನು ಇಂದೇ ವಿವರಣೆಯಲ್ಲಿ ಹಾಕುತ್ತೇನೆ. ಕಾರವಾರದವರು ಅದನ್ನೇ ಕೊಂಕಣಿಯಲ್ಲಿ ಹೇಳಿ ಧ್ವನಿಮುದ್ರಿಸಿ ಕೊಡಬಹುದೇ?