ಐದು ತಿಂಗಳು ಬಂದರಿನಲ್ಲೇ ಉಳಿದ ಹಾಯಿದೋಣಿ: ಹೊರಡುವ ಮುಂಚೆ ಏನು ನೋಡಿಕೊಳ್ಳಬೇಕು?

ಕೇಳಿದ್ದು: ಹತ್ತು ದಿನ ಇದ್ದು ಹೋಗೋಣ ಅಂತ ಬಂದವರು, ಎಂಜಿನ್ನಿನ ಒಂದು ಬಿಡಿಭಾಗಕ್ಕೆ ಕಾಯುತ್ತಾ ಐದು ತಿಂಗಳು ಇಲ್ಲೇ ಉಳಿದುಬಿಟ್ಟೆವು. ಈಗ ರಿಪೇರಿ ಮುಗಿದಿದೆ, ಗಾಳಿಯೂ ಅನುಕೂಲವಾಗಿದೆ. ಆದರೂ ಹಗ್ಗ ಬಿಚ್ಚಲು ಧೈರ್ಯ ಬರುತ್ತಿಲ್ಲ. ಇಬ್ಬರೇ ಇದ್ದೇವೆ, ಮುಂದೆ ಆರು ದಿನದ ಹಾದಿ. ಹೀಗೆ ಸಿಕ್ಕಿಹಾಕಿಕೊಂಡು ಹೊರಟವರು ದಯವಿಟ್ಟು ತಿಳಿಸಿ.

ಉತ್ತರ: ನಾವು ಏಳು ತಿಂಗಳು ನಿಂತಿದ್ದೆವು. ದಯವಿಟ್ಟು ಬಂದರಿನಿಂದ ನೇರ ಆರು ದಿನದ ಹಾದಿಗೆ ಇಳಿಯಬೇಡಿ. ಮೂರು-ನಾಲ್ಕು ಗಂಟೆ ದೂರದ ಕೊಲ್ಲಿಯೊಂದಕ್ಕೆ ಹೋಗಿ ಲಂಗರು ಹಾಕಿ, ಎರಡು ರಾತ್ರಿ ಅಲ್ಲಿ ಮಲಗಿ. ದೇಶ ಬಿಟ್ಟು ಹೋಗುವುದಾದರೆ ಇದನ್ನು ನಿರ್ಗಮನ ಪತ್ರ ಪಡೆಯುವ ಮುಂಚೆಯೇ ಮಾಡಿ. ಪತ್ರ ಕೈಗೆ ಬಂದ ಮೇಲೆ ಮತ್ತೆಲ್ಲೂ ನಿಲ್ಲಲು ಬಹಳ ಕಡೆ ಬಿಡುವುದಿಲ್ಲ.

ನಾವು ನೇರ ಹೊರಟೆವು. ಎಂಜಿನ್ ಎಂದಿನ ವೇಗದಲ್ಲೇ ತಿರುಗುತ್ತಿತ್ತು, ದೋಣಿ ಮಾತ್ರ ಐದೂವರೆ ನಾಟ್ ಬದಲು ಮೂರರಲ್ಲಿ ತೆವಳುತ್ತಿತ್ತು. ಬಂದರಿನ ಬಾಯಿ ದಾಟುವಷ್ಟರಲ್ಲಿ ಎಂಜಿನ್ ಕಾದು ಅಲಾರಂ ಹೊಡೆಯಿತು. ಹಾಯಿ ಎತ್ತಿಕೊಂಡು ವಾಪಸ್ ಬಂದು ಲಂಗರು ಹಾಕಿದೆವು. ನೀರಿಗಿಳಿದು ನೋಡಿದರೆ ಪ್ರೊಪೆಲ್ಲರಿನ ರೆಕ್ಕೆಗಳ ಮೇಲೆ ಬಾರ್ನಕಲ್ (ನೀರಲ್ಲಿ ನಿಂತ ದೋಣಿಗೆ ಅಂಟಿ ಬೆಳೆಯುವ ಕಡಲ ಜೀವಿ) ಚಿಪ್ಪುಗಳು ಹಲ್ಲಿನ ಸಾಲಿನಂತೆ ಕೂತಿದ್ದವು. ಎಂಜಿನ್ ತಂಪಾಗಿಸುವ ಕಡಲ ನೀರು ಒಳಗೆ ಬರುವ ರಂಧ್ರದಲ್ಲಿ ಕಿರುಬೆರಳೂ ತೂರುತ್ತಿರಲಿಲ್ಲ. ಬಣ್ಣ ಕೆರೆಯುವ ತಗಡಿನಿಂದ ಅದನ್ನೆಲ್ಲ ಕೆರೆದು ತೆಗೆಯಲು ಇಡೀ ಮಧ್ಯಾಹ್ನ ಬೇಕಾಯಿತು.

ನೀರಿನ ಪಂಪ್ ಬಿಚ್ಚಿದಾಗ ಇನ್ನೊಂದು ಕಂಡಿತು. ಒಳಗಿನ ರಬ್ಬರ್ ಇಂಪೆಲ್ಲರ್, ಅಂದರೆ ನೀರನ್ನು ತಳ್ಳುವ ರೆಕ್ಕೆಗಳ ಚಕ್ರ, ತಿಂಗಳುಗಟ್ಟಲೆ ಒಂದೇ ಕಡೆ ಬಾಗಿ ನಿಂತು, ಎರಡು ರೆಕ್ಕೆ ಮುರಿದು ಹೋಗಿದ್ದವು. ಹೊಸದು ಹಾಕಿದರಷ್ಟೇ ಸಾಲದು, ಮುರಿದ ಚೂರುಗಳನ್ನೂ ಹುಡುಕಿ ತೆಗೆಯಬೇಕು. ಇಲ್ಲದಿದ್ದರೆ ಅವು ಮುಂದೆ ಹೋಗಿ ನೀರಿನ ದಾರಿ ಕಟ್ಟುತ್ತವೆ. ನಿಮ್ಮದನ್ನು ಇವತ್ತೇ ತೆಗೆದು ನೋಡಿ.

ಇನ್ನೊಬ್ಬರು: ಡೀಸೆಲ್ ಟ್ಯಾಂಕನ್ನೂ ಮರೆಯಬೇಡಿ. ಅರೆ ತುಂಬಿದ ಟ್ಯಾಂಕಿನಲ್ಲಿ ತೇವ ಇಳಿದು ತಳದಲ್ಲಿ ನೀರು ಸೇರುತ್ತದೆ, ಅಲ್ಲೇ ಕಪ್ಪು ಲೋಳೆ ಬೆಳೆಯುತ್ತದೆ. ಬಂದರಿನಲ್ಲಿ ಗೊತ್ತೇ ಆಗುವುದಿಲ್ಲ. ಅಲೆಗೆ ದೋಣಿ ಕುಲುಕಿದಾಗ ಮೇಲೆದ್ದು ಫಿಲ್ಟರ್ ಕಟ್ಟುತ್ತದೆ. ತಳದಿಂದ ಸ್ವಲ್ಪ ತೆಗೆದು ಗಾಜಿನ ಬಾಟಲಿಯಲ್ಲಿ ಅರ್ಧ ಗಂಟೆ ಇಡಿ, ನೀರಿದ್ದರೆ ಕೆಳಗೆ ಬೇರೆಯಾಗಿ ನಿಲ್ಲುತ್ತದೆ. ಫಿಲ್ಟರ್‌ಗಳು ಹೆಚ್ಚಿಗೆ ಇರಲಿ.

ಮತ್ತೊಬ್ಬರು: ನಿಮ್ಮ ಅಳುಕು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನಾಲ್ಕು ತಿಂಗಳು ನಿಂತ ಮೇಲೆ, ಹಿಂದೆಂದೂ ವಾಂತಿ ಮಾಡದ ನಾನು ಎರಡು ದಿನ ತಲೆ ಎತ್ತಲಿಲ್ಲ. ಇಬ್ಬರೇ ಇರುವಾಗ ಒಬ್ಬರು ಮಲಗಿದರೆ ಕಾವಲೆಲ್ಲ ಇನ್ನೊಬ್ಬರ ಮೇಲೆ. ವಾಂತಿ ತಡೆಯುವ ಮಾತ್ರೆಯನ್ನು ಹೊರಡುವ ಮುಂಚೆಯೇ ತೆಗೆದುಕೊಳ್ಳಿ, ಎರಡು ದಿನದ ಅಡುಗೆ ಮಾಡಿಟ್ಟುಕೊಳ್ಳಿ.

ಇನ್ನೊಂದು ವಿಷಯ. ಪರಿಚಯವಾದವರಿಗೆಲ್ಲ ಹೊರಡುವ ತಾರೀಖು ಹೇಳಬೇಡಿ. ನಾವು ಹೇಳಿದೆವು, ಎಲ್ಲರೂ ಸೇರಿ ಬೀಳ್ಕೊಟ್ಟರು. ಮರುದಿನ ಗಾಳಿ ಎದುರಾಗಿತ್ತು, ಉಳಿಯಲು ಸಂಕೋಚವಾಗಿ ಹೊರಟುಬಿಟ್ಟೆವು. ಆ ರಾತ್ರಿ ದೊಡ್ಡ ಹಾಯಿಯ ಹೊಲಿಗೆ ಬಿಟ್ಟಿತು. ಬಿಸಿಲಿಗೆ ನೂಲು ಸತ್ತು ಹೋಗಿದ್ದನ್ನು ನಾವು ನೋಡಿರಲಿಲ್ಲ. ಹೊಲಿಗೆಯ ಮೇಲೆ ಉಗುರಿನಿಂದ ಗೀರಿ ನೋಡಿ, ನೂಲು ಪುಡಿಯಾಗಿ ಉದುರಿದರೆ ಮೊದಲು ಹೊಲಿಸಿಕೊಳ್ಳಿ.